15 ನಿಮಿಷದಲ್ಲಿ ಸಲ್ಯೂಷನ್ ಫೋಕಸ್ಡ್ ಕೆಲಸವನ್ನು ಸಮ್ಮೇಳನದಲ್ಲಿ ತೋರಿಸುವುದು ಹೇಗೆ?

ವರದಾತೀರ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆಯವಳು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇನೆ. ಡಾಕ್ಟರು ನೋಡಿ ಮಾತ್ರೆ ಬರೆದ ಮೇಲೆ "ಇವರ ಕೂಡ ಸ್ವಲ್ಪ ಮಾತಾಡ್ರಿ" ಅಂತ ನನ್ನ ಟೇಬಲ್ಲಿಗೆ ಕಳಿಸುತ್ತಾರೆ. ಒಬ್ಬರಿಗೆ ಇಪ್ಪತ್ತು ನಿಮಿಷ ಸಿಕ್ಕರೆ ಪುಣ್ಯ. ಜೊತೆಗೆ ಬಂದವರು ಬಸ್ಸಿನ ಹೊತ್ತಾಯಿತೆಂದು ಬಾಗಿಲಲ್ಲಿ ಇಣುಕುತ್ತಿರುತ್ತಾರೆ. ಮುಂದಿನ ಸಲ ಬರುತ್ತಾರೋ ಇಲ್ಲವೋ ಹೇಳಲಾಗುವುದಿಲ್ಲ. ಹತ್ತಿ ಬಿಡಿಸೋ ಕಾಲ ಬಂತೆಂದರೆ ಬರುವುದೇ ಇಲ್ಲ. ಹಾಗಾಗಿ ಸಲ್ಯೂಷನ್ ಫೋಕಸ್ಡ್ (ಪರಿಹಾರದ ಕಡೆ ಗಮನ ಇಡುವ) ಕೌನ್ಸೆಲಿಂಗ್ ಪದ್ಧತಿ ನನಗೆ ಚೆನ್ನಾಗಿ ಒಗ್ಗಿದೆ. ತೊಂದರೆಯ ಬೇರು ಅಗೆಯುತ್ತಾ ಕೂರದೆ, ಇಷ್ಟರಲ್ಲೂ ಯಾವುದು ಪರವಾಗಿಲ್ಲ, ಅದನ್ನು ಹೇಗೆ ಉಳಿಸಿಕೊಂಡಿರಿ, ಇನ್ನೊಂಚೂರು ಆರಾಮಾದರೆ ಮೊದಲು ಏನು ಕಾಣುತ್ತದೆ ಅಂತ ಕೇಳುತ್ತಾ ಹೋಗುವುದು. ಮತ್ತೆ ಬರದಿದ್ದರೂ ಆ ಇಪ್ಪತ್ತು ನಿಮಿಷ ದಂಡವಾಗುವುದಿಲ್ಲ.

ಈಗ ರಾಜ್ಯಮಟ್ಟದ ಒಂದು ಸಮ್ಮೇಳನಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿದೆ. ಮಂಡನೆಗೆ 15 ನಿಮಿಷ, ಪ್ರಶ್ನೆಗೆ 5. ಮರುದಿನ 45 ನಿಮಿಷದ ಕಾರ್ಯಾಗಾರವನ್ನೂ ನೀವೇ ನಡೆಸಿಕೊಡಿ ಅಂದಿದ್ದಾರೆ. ಅಬ್‌ಸ್ಟ್ರಾಕ್ಟ್ ಫಾರಂನಲ್ಲಿ ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಅಂತ ಐದು ಬಾಕ್ಸ್ ಇದ್ದವು. ತುಂಬಿ ಕಳಿಸಿದೆ. ಅದನ್ನೇ ಹಿಡಿದು ಪಿ.ಪಿ.ಟಿ. ಮಾಡಲು ಕೂತರೆ ಸ್ಲೈಡುಗಳೆಲ್ಲ ಥಿಯರಿಯಿಂದಲೇ ತುಂಬಿ ಹೋದವು: ಅಮೆರಿಕದ ಮಿಲ್ವಾಕಿ, 1978, ಈ ಪದ್ಧತಿ ಕಟ್ಟಿದ ಸ್ಟೀವ್ ಡಿ ಶೇಝರ್, ಇನ್ಸೂ ಕಿಮ್ ಬರ್ಗ್, ಮಿರಾಕಲ್ ಕ್ವೆಶ್ಚನ್, ಸ್ಕೇಲಿಂಗ್ (ಎಷ್ಟು ಆರಾಮು ಅಂತ ಅಂಕಿಯಲ್ಲಿ ಕೇಳುವುದು), ಎಕ್ಸೆಪ್ಷನ್ (ತೊಂದರೆ ಇಲ್ಲದ ಹೊತ್ತನ್ನು ಹುಡುಕುವುದು). ಇದು ಯಾವ ಪುಸ್ತಕ ತೆಗೆದರೂ ಸಿಗುತ್ತದೆ. ನನಗೆ ತೋರಿಸಬೇಕಾಗಿರುವುದು ಇದು:

ನಾನು: "ಯವ್ವಾ, ಪೂರಾ ಆರಾಮಾತು, ಇನ್ನ ಈ ದವಾಖಾನಿಗೆ ಬರೂದ ಬ್ಯಾಡ ಅನ್ನೂ ದಿನಕ್ಕ ಹದಿನಾರಾಣೆ ಅನ್ನೂಣು. ಇವತ್ತ ರೂಪಾಯಿಗೆ ಎಷ್ಟಾಣೆ ಅದೀರಿ?"

ಆಕೆ: "ಎಲ್ಲಿದ್ ಬಿಡ್ರಿ ಅಕ್ಕಾರ. ನಾಕಾಣೆ ಇದ್ರ ಹೆಚ್ಚ."

ನಾನು: "ನಾಕಾಣೆ. ಆ ನಾಕಾಣೆದಾಗ ಏನೇನೈತಿ?"

(ಬಹಳ ಹೊತ್ತು ಸುಮ್ಮನಿದ್ದರು.)

ಆಕೆ: "ಎಮ್ಮಿ ಹಿಂಡ್ತೀನ್ರಿ. ಅದೊಂದ ಬಿಟ್ಟಿಲ್ಲ."

ನಾನು: "ನಿದ್ದಿ ಇಲ್ಲ, ಊಟ ಸೇರೂದಿಲ್ಲ ಅಂದ್ರಿ. ಅಂಥಾದ್ರಾಗೂ ಅದನ್ನ ಹೆಂಗ ಬಿಡಲಿಲ್ಲ?"

ಆಕೆ: "ಮೂಕಪ್ರಾಣಿ ಅಲ್ರೀ. ನಾ ಹೋಗ್ಲಿಲ್ಲಂದ್ರ ಒದರ್ತೈತಿ. ನನ್ ದನಿ ಕೇಳಿದ್ರ ಸುಮ್ಮನಾಗ್ತೈತಿ."

ನಾನು: "ನೀವು ಐದಾಣೆಕ್ಕ ಬಂದ್ರ ಎಮ್ಮಿಗೆ ಹೆಂಗ ಗೊತ್ತಾಕ್ಕೈತಿ?"

ಆಕೆ (ನಕ್ಕು): "ಹಾಡ್ಕೋಂತ ಹಿಂಡ್ತೇನ್ರಿ. ಮೊದಲ ಹಾಡ್ತಿದ್ದೆ."

ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂದರೆ ನಮ್ಮ ಕಡೆ ವಯಸ್ಸಾದವರು ಪರೀಕ್ಷೆಯ ಮಾರ್ಕ್ಸ್ ಕೇಳಿದ ಹಾಗೆ ಗಾಬರಿಯಾಗುತ್ತಾರೆ. ಆಣೆಯ ಲೆಕ್ಕ 1957ರಲ್ಲೇ ಅಧಿಕೃತವಾಗಿ ಹೋದರೂ ರೂಪಾಯಿಗೆ ಎಷ್ಟಾಣೆ ಅಂದರೆ ಈಗಲೂ ತಟ್ಟನೆ ಹೇಳುತ್ತಾರೆ. ಮೇಲಿನ ಮಾತನ್ನು ಬೇರೆಯವರಿಗೆ ಕಲಿಸಲು ಬಳಸುತ್ತೇನೆ ಅಂತ ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಇದನ್ನು ಆ ಐದು ಬಾಕ್ಸಿನೊಳಗೆ ಎಲ್ಲಿ ಕೂರಿಸಲಿ? ಫಲಿತಾಂಶದಲ್ಲಿ "ನಾಲ್ಕಾಣೆಯಿಂದ ಐದಾಣೆ" ಅಂತ ಬರೆದರೆ ಸಭೆಯಲ್ಲಿ ಯಾರಿಗೆ ಏನು ಅರ್ಥವಾದೀತು? "ಇದು ಬರೀ ಪಾಸಿಟಿವ್ ಥಿಂಕಿಂಗ್ ಅಲ್ವಾ ಮೇಡಂ" ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಏನು ಹೇಳಲಿ? ಇಂಥ ಕಡೆ ಮಂಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.

---

ಕುಕ್ಕರಹಳ್ಳಿ:

ಆ ಎಮ್ಮೆಯ ಪ್ರಶ್ನೆ ಓದಿ ಎದ್ದು ಕೂತೆ ಕಣಮ್ಮ. ನಾನು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಸಮ್ಮೇಳನಗಳಲ್ಲಿ ಎಷ್ಟೋ ಗೋಷ್ಠಿಗಳಿಗೆ ಅಧ್ಯಕ್ಷೆಯಾಗಿ ಕೂತಿದ್ದೇನೆ. ಅಲ್ಲಿ ಕೇಳಿದ ಥಿಯರಿ ಸ್ಲೈಡು ಒಂದೂ ನೆನಪಿಲ್ಲ. ಯಾರೋ ಒಬ್ಬರು ಹೇಳಿದ ತಾಯಿಯ ಒಂದು ಮಾತು, ಒಬ್ಬ ಹುಡುಗ ಕೊಟ್ಟ ಒಂದು ಉತ್ತರ, ಅಂಥವು ಇವತ್ತಿಗೂ ನೆನಪಿವೆ.

ಆದ್ದರಿಂದ ಥಿಯರಿ ಸ್ಲೈಡುಗಳನ್ನೆಲ್ಲ ತೆಗೆದುಬಿಡಿ. ಮೊದಲ ಸ್ಲೈಡಿನಲ್ಲಿ ಒಂದೇ ಸಾಲು ಇರಲಿ: "ಎಲ್ಲಿದ್ ಬಿಡ್ರಿ ಅಕ್ಕಾರ. ನಾಕಾಣೆ ಇದ್ರ ಹೆಚ್ಚ." ಅವರು ಯಾರು, ಯಾಕೆ ಬಂದಿದ್ದರು ಅನ್ನೋದನ್ನ ಎರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. "ಈಗ ನೀವಾಗಿದ್ದರೆ ಮುಂದೆ ಏನು ಕೇಳುತ್ತಿದ್ದಿರಿ? ಒಂದು ಪ್ರಶ್ನೆ ಬರೆಯಿರಿ" ಅಂತ ಎಲ್ಲರಿಗೂ ಹೇಳಿ. ಒಂದೂವರೆ ನಿಮಿಷ ಕೊಡಿ. ಹೆಚ್ಚಿನವರು ಏನು ಬರೀತಾರೆ ಅಂತ ನನಗೆ ಗೊತ್ತು: "ಉಳಿದ ಹನ್ನೆರಡಾಣೆಗೆ ಏನಾಯಿತು?" ನಮ್ಮೆಲ್ಲರ ತರಬೇತಿಯೇ ಹಾಗಿದೆ. ಆಮೇಲೆ ನಿಮ್ಮ ಪ್ರಶ್ನೆ ತೋರಿಸಿ: "ಆ ನಾಕಾಣೆದಾಗ ಏನೇನೈತಿ?" ಎರಡಕ್ಕೂ ಇರುವ ವ್ಯತ್ಯಾಸ ಅವರ ಕೈಬರಹದಲ್ಲೇ ಅವರ ಮುಂದಿರುತ್ತೆ. ನೀವು ವಿವರಿಸೋ ಅಗತ್ಯವೇ ಬೀಳಲ್ಲ.

ಆವರಣದಲ್ಲಿ "ಬಹಳ ಹೊತ್ತು ಸುಮ್ಮನಿದ್ದರು" ಅಂತ ಬರೆದಿದ್ದೀರಲ್ಲ, ವೇದಿಕೆ ಮೇಲೆ ಅದನ್ನ ಓದಬೇಡಿ. ನೀವೂ ಅಷ್ಟೇ ಹೊತ್ತು ಸುಮ್ಮನಿರಿ. ಹತ್ತು ಸೆಕೆಂಡು ಮೌನ ಆದರೆ ಸಭೆಯಲ್ಲಿ ಎಲ್ಲರಿಗೂ ಕಸಿವಿಸಿ ಶುರುವಾಗುತ್ತೆ. ಕೌನ್ಸೆಲಿಂಗ್‌ನಲ್ಲಿ ಆ ಕಸಿವಿಸಿ ತಡೆಯಲಾರದೆ ನಾವೇ ಬಾಯಿ ಹಾಕಿಬಿಡ್ತೀವಿ, ಆ ತಾಯಿ ತನ್ನ ಎಮ್ಮೆ ತನಕ ಬರೋದೇ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ಕಲಿಸಲು ಅತ್ಯಂತ ಕಷ್ಟವಾಗಿದ್ದು ಇದೇ. ಹದಿನೈದು ನಿಮಿಷದಲ್ಲಿ ಅವರಿಗೆ ಅದೊಂದು ದಾಟಿದರೂ ನಿಮ್ಮ ಮಂಡನೆ ಗೆದ್ದ ಹಾಗೆ.

ಮಿಲ್ವಾಕಿ ವಿಷಯ ಹೇಳಲೇಬೇಕು ಅನ್ನಿಸಿದರೆ ಇಸವಿ ಬಿಡಿ, ಅಲ್ಲಿ ಕೆಲಸ ಹೇಗೆ ನಡೀತಿತ್ತು ಅನ್ನೋದನ್ನ ಹೇಳಿ. ಒಬ್ಬರು ಕುಟುಂಬದ ಜೊತೆ ಮಾತಾಡೋರು, ಉಳಿದವರು ಒಂದು ಕಡೆಯಿಂದ ಮಾತ್ರ ಕಾಣೋ ಕನ್ನಡಿಯ ಹಿಂದೆ ಕೂತು ನೋಡೋರು. ಕೊನೆಯಲ್ಲಿ ಮಾತಾಡುತ್ತಿದ್ದವರು ಎದ್ದು ಹೋಗಿ ತಂಡದ ಜೊತೆ ಚರ್ಚಿಸಿ, ಮೆಚ್ಚುಗೆಯ ಮಾತು ಮತ್ತು ಮನೆಯಲ್ಲಿ ಮಾಡಿ ನೋಡಲು ಒಂದು ಕೆಲಸ ಹೊತ್ತು ವಾಪಸ್ ಬರೋರು. ಯಾವ ಪ್ರಶ್ನೆ ಕೇಳಿದಾಗ ಏನಾಯಿತು ಅಂತ ನೋಡಿ ನೋಡಿಯೇ ಈ ಪದ್ಧತಿ ಹುಟ್ಟಿದ್ದು. ಅಂದಮೇಲೆ ಮಾತುಕತೆಯನ್ನೇ ಸಭೆಯ ಮುಂದೆ ಬಿಚ್ಚಿಡೋದು ನೀವು ಹೊಸದಾಗಿ ತೆಗೆದುಕೊಳ್ತಿರೋ ಸ್ವಾತಂತ್ರ್ಯ ಅಲ್ಲ, ಈ ಪದ್ಧತಿಯ ರೂಢಿಯೇ ಅದು.

ಮಿರಾಕಲ್ ಕ್ವೆಶ್ಚನ್ ಈ ಹದಿನೈದು ನಿಮಿಷದಲ್ಲಿ ಬೇಡ. ರಾತ್ರಿ ಮಲಗಿದಾಗ ಎಲ್ಲ ಸರಿಹೋಗಿರುತ್ತೆ, ಬೆಳಿಗ್ಗೆ ಎದ್ದಾಗ ಮೊದಲು ಏನು ನೋಡಿ ಗೊತ್ತಾಗುತ್ತೆ ಅನ್ನೋ ಪ್ರಶ್ನೆಗೆ ನಿಧಾನದ ದನಿ ಬೇಕು, ಕೇಳಿಸಿಕೊಳ್ಳೋರಿಗೆ ಪುರುಸೊತ್ತು ಬೇಕು. ಗಡಿಯಾರ ನೋಡಿಕೊಂಡು ಕೇಳಿದರೆ ಅದು ಕೆಡುತ್ತೆ.

ಇನ್ನೊಂದು ಮಾತು, ಇದನ್ನ ಒತ್ತಿ ಹೇಳ್ತೀನಿ. ಆ ತಾಯಿಯ ಮಾತನ್ನ ನಿಮ್ಮ ಕಡೆಯವರೇ ಯಾರಾದರೂ ಓದಲಿ. ನಮ್ಮ ಸಭೆಗಳಲ್ಲಿ ಹಳ್ಳಿಯ ಮಾತು ಮೈಕಿನಲ್ಲಿ ಬಂದ ತಕ್ಷಣ ಹಿಂದಿನ ಸಾಲಿನಲ್ಲಿ ನಗು ಏಳುತ್ತೆ. ಓದೋರು ಆ ಭಾಷೆಯವರಾಗಿದ್ದು ನೆಟ್ಟಗೆ, ಅಭಿನಯ ಇಲ್ಲದೆ ಓದಿದರೆ ಆ ನಗು ಬರಲ್ಲ. ಆ ತಾಯಿ ನಕ್ಕ ಕಡೆ ಮಾತ್ರ ಸಭೆಯೂ ನಗಲಿ.

---

ಪಣಂಬೂರು:

ನಾನು ಮನೋವೈದ್ಯ. ನಿಮ್ಮ ಸಭೆಯಲ್ಲಿ ಆಕ್ಷೇಪ ಎತ್ತುವುದು ಬಹುಶಃ ನನ್ನಂಥವರೇ. ಆದ್ದರಿಂದ ನಮಗೆ ಏನು ಬೇಕೆಂದು ಹೇಳಿಬಿಡುತ್ತೇನೆ.

ಮಾತುಕತೆ ತೋರಿಸುವ ಮೊದಲು ಮೂರು ವಿಷಯ ಬಾಯಿಬಿಟ್ಟು ಹೇಳಿ. ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದರೇ? ಸಾಯುವ ಯೋಚನೆಯ ಬಗ್ಗೆ ಯಾರು, ಯಾವಾಗ ಕೇಳಿದರು? ಮುಂದಿನ ಭೇಟಿಗೆ ಬರದಿದ್ದರೆ ವಿಚಾರಿಸುವವರು ಯಾರು? ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎನ್ನುವ ಹಿರಿಯರೊಬ್ಬರ ಜೊತೆ ಎಮ್ಮೆಯ ಮಾತಾಡುವುದನ್ನು ಕೇಳುವಾಗ ವೈದ್ಯರ ಮನಸ್ಸಿನಲ್ಲಿ ಓಡುವುದು ಇದೇ. ಇದಕ್ಕೆ ಉತ್ತರ ಸಿಕ್ಕಿದ ಮೇಲೆ ನಾವು ನಿಮ್ಮ ಪ್ರಶ್ನೆಗಳನ್ನು ಪೂರ್ತಿ ಕಿವಿಗೊಟ್ಟು ಕೇಳುತ್ತೇವೆ. ಸುಧಾರಿಸಿದ್ದು ಮಾತ್ರೆಯಿಂದಲೋ ಮಾತಿನಿಂದಲೋ ಎಂದು ಯಾರಾದರೂ ಕೇಳಿದರೆ, ಎರಡೂ ಒಟ್ಟಿಗೆ ನಡೆದವು, ಬೇರ್ಪಡಿಸಿ ಹೇಳಲು ಒಬ್ಬರ ಕೇಸಿನಿಂದ ಸಾಧ್ಯವಿಲ್ಲ ಎನ್ನಿ. ಅದು ಗಟ್ಟಿ ಉತ್ತರ.

ಪುರಾವೆ ಕೇಳುವವರಿಗೆ: ಸಂಶೋಧಕರಾದ ಗಿಂಗರಿಚ್ ಮತ್ತು ಪೀಟರ್ಸನ್ 2013ರಲ್ಲಿ ಈ ಪದ್ಧತಿಯ ಮೇಲೆ ನಡೆದ, ಹೋಲಿಕೆ ಗುಂಪು ಇದ್ದ 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ 32ರಲ್ಲಿ ಗಣನೀಯ ಪ್ರಯೋಜನ ಕಂಡಿತು. ಅಷ್ಟು ಹೇಳಿ ಮುಂದೆ ಹೋಗಿ. "ಪಾಸಿಟಿವ್ ಥಿಂಕಿಂಗ್" ಎನ್ನುವವರಿಗೆ ನಿಮ್ಮ ಸಂಭಾಷಣೆಯೇ ಉತ್ತರ. ನೀವು ಆಕೆಗೆ ಎಲ್ಲಿಯೂ "ಒಳ್ಳೆಯದನ್ನು ಯೋಚಿಸಿ" ಎಂದಿಲ್ಲ. ನಾಲ್ಕಾಣೆ ಅವರು ಕೊಟ್ಟದ್ದು, ಎಮ್ಮೆ ಅವರು ತಂದದ್ದು, ಹಾಡೂ ಅವರದ್ದೇ. ನೀವು ಪ್ರತಿ ಸಲ ಅವರ ಹಿಂದಿನ ಮಾತಿನಿಂದಲೇ ಒಂದು ಪದ ಎತ್ತಿಕೊಂಡು ಮುಂದಿನ ಪ್ರಶ್ನೆ ಕಟ್ಟಿದ್ದೀರಿ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬವೆಲಾಸ್ ಅವರ ತಂಡ ಚಿಕಿತ್ಸಕರ ವಿಡಿಯೋಗಳನ್ನು ಮಾತು ಮಾತಾಗಿ ಬಿಡಿಸಿ ನೋಡಿದ್ದು ಇದನ್ನೇ: ಚಿಕಿತ್ಸಕರು ಯಾವ ಪದ ಉಳಿಸಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ, ಪ್ರಶ್ನೆಯೊಳಗೆ ಏನನ್ನು ಒಪ್ಪಿಕೊಂಡೇ ಕೇಳುತ್ತಾರೆ. "ಹೆಂಗ ಬಿಡಲಿಲ್ಲ?" ಎಂಬುದರಲ್ಲಿ ಬಿಡದೆ ಇದ್ದದ್ದು ಆಕೆಯ ಸಾಮರ್ಥ್ಯ ಎನ್ನುವುದು ಅಡಗಿದೆ. ಉತ್ತರ ಕೊಡಬೇಕಾದರೆ ಆಕೆ ಅದನ್ನು ಮೊದಲು ಒಪ್ಪಲೇಬೇಕು.

ಫಲಿತಾಂಶದ ಬಾಕ್ಸಿನಲ್ಲಿ ಆಣೆಯನ್ನು ಧಾರಾಳವಾಗಿ ಬರೆಯಿರಿ. ಆದರೆ ಅದು ಆಕೆ ತನಗೆ ತಾನೇ ಕೊಟ್ಟುಕೊಂಡ ಅಳತೆ, ಪ್ರಮಾಣೀಕರಿಸಿದ ಮಾಪನವಲ್ಲ ಎಂದೂ ಬರೆಯಿರಿ. ಕ್ಲಿನಿಕ್ಕಿನಲ್ಲಿ ಬೇರೆ ಪ್ರಶ್ನಾವಳಿ ತುಂಬಿಸಿದ್ದರೆ ಆ ಅಂಕಿಯನ್ನು ಪಕ್ಕದಲ್ಲಿ ಇಡಿ.

ಒಪ್ಪಿಗೆಯ ಬಗ್ಗೆ ಒಂದು ಮಾತು. 2017ರ ಮೆಂಟಲ್ ಹೆಲ್ತ್‌ಕೇರ್ ಕಾಯ್ದೆಯ ಸೆಕ್ಷನ್ 23ರಲ್ಲಿ ಗೋಪ್ಯತೆ ರೋಗಿಯ ಹಕ್ಕು. ಕಲಿಸಲು ಬಳಸುತ್ತೇನೆ ಎಂದು ಪಡೆದ ಒಪ್ಪಿಗೆ ಒಂದು, ಅದೇ ಜಿಲ್ಲೆಯ ನರ್ಸ್‌ಗಳೂ ಕೂತಿರಬಹುದಾದ ಸಭೆಯಲ್ಲಿ ಓದುತ್ತೇನೆ ಎಂದು ಪಡೆದ ಒಪ್ಪಿಗೆ ಇನ್ನೊಂದು. ಮತ್ತೊಮ್ಮೆ ಕೇಳಿ. ಓದಲಿರುವುದನ್ನು ಅವರಿಗೆ ಮೊದಲು ಓದಿ ಹೇಳಿ. ಊರು, ವಯಸ್ಸು, ಮಕ್ಕಳೆಷ್ಟು ಎಂಬುದನ್ನೆಲ್ಲ ಬದಲಿಸಬಹುದು. ಪ್ರಶ್ನೆ ಮತ್ತು ಉತ್ತರದ ಮಾತುಗಳನ್ನು ಮಾತ್ರ ತಿದ್ದಬೇಡಿ, ಮಂಡನೆ ನಿಂತಿರುವುದೇ ಅದರ ಮೇಲೆ. ಏನು ಬದಲಿಸಿದ್ದೀರಿ ಎಂಬುದನ್ನು ಸ್ಲೈಡಿನ ಕೆಳಗೆ ಒಂದು ಸಾಲಿನಲ್ಲಿ ಹೇಳಿಬಿಡಿ.

---

ಬ್ರಿಸ್ಟಲ್‌ವಾಸಿ:

ಊರು ದಾವಣಗೆರೆ, ಈಗ ಇಲ್ಲಿ ಬ್ರಿಸ್ಟಲ್‌ನಲ್ಲಿ ಶಾಲಾ ಮಕ್ಕಳ ಜೊತೆ ಕೆಲಸ. ಕಾರ್ಯಾಗಾರದ ಬಗ್ಗೆ ಯಾರೂ ಹೇಳಿಲ್ಲ, ಅದನ್ನ ನಾನು ಹೇಳ್ತೀನಿ.

45 ನಿಮಿಷದಲ್ಲಿ ದಯವಿಟ್ಟು ಮತ್ತೆ ಪಿ.ಪಿ.ಟಿ. ಹಾಕಬೇಡಿ. ನಮ್ಮ ಈ ಊರಲ್ಲೇ ಹ್ಯಾರಿ ನಾರ್ಮನ್ ಮತ್ತು ಅವರ ಗೆಳೆಯರು ರೂಪಿಸಿದ ಒಂದು ಕ್ರಮ ಇದೆ, ಸಲ್ಯೂಷನ್ ಫೋಕಸ್ಡ್ ರಿಫ್ಲೆಕ್ಟಿಂಗ್ ಟೀಮ್ ಅಂತಾರೆ. ಆರೇಳು ಜನ ದುಂಡಗೆ ಕೂರ್ತಾರೆ. ಒಬ್ಬರು ತಾವು ಸಿಕ್ಕಿಹಾಕಿಕೊಂಡಿರೋ ಒಂದು ಕೇಸ್ ಹೇಳ್ತಾರೆ. ಉಳಿದವರು ಒಂದು ಸುತ್ತು ಸ್ಪಷ್ಟ ಆಗದೇ ಇರೋದನ್ನ ಮಾತ್ರ ಕೇಳ್ತಾರೆ, ಸಲಹೆ ಕೊಡಂಗಿಲ್ಲ. ಆಮೇಲೆ ಒಬ್ಬೊಬ್ಬರೂ ಹೇಳಿದವರ ಕೆಲಸದಲ್ಲಿ ತಮಗೆ ಹಿಡಿಸಿದ್ದನ್ನ ಹೇಳ್ತಾರೆ. ಕೊನೇ ಸುತ್ತಲ್ಲಿ ಒಬ್ಬರಾದ ಮೇಲೆ ಒಬ್ಬರು ಒಂದೊಂದೇ ಯೋಚನೆ ಮುಂದಿಡ್ತಾರೆ. ಹೊಳೀಲಿಲ್ಲ ಅಂದ್ರೆ ಪಾಸ್ ಅನ್ನಬಹುದು. ಈ ಕೊನೇ ಎರಡು ಸುತ್ತಲ್ಲೂ ಕೇಸ್ ತಂದವರು ಬಾಯಿ ಬಿಡಂಗಿಲ್ಲ, ಸುಮ್ಮನೆ ಕೇಳಬೇಕು. ಎಲ್ಲ ಮುಗಿದ ಮೇಲೆ ಯಾವುದನ್ನ ತಗೊಂಡು ಹೋಗ್ತೀನಿ ಅಂತ ಅವರು ಹೇಳ್ತಾರೆ.

ನಮ್ಮ ಕಡೆ ಇದರ ಲಾಭ ಏನು ಅಂದ್ರೆ, ದೊಡ್ಡ ಡಾಕ್ಟರು, ಪ್ರೊಫೆಸರು ಇದ್ದ ಕಡೆ ಜೂನಿಯರ್‌ಗಳು ಬಾಯೇ ಬಿಡಲ್ಲ. ಇಲ್ಲಿ ಸರದಿ ಬಂದಾಗ ಎಲ್ಲರೂ ಮಾತಾಡ್ಲೇಬೇಕು, ಅದೂ ಒಂದೇ ಮಾತು. ದೊಡ್ಡೋರು ಭಾಷಣ ಮಾಡಂಗಿಲ್ಲ. ವಿವರಿಸೋಕೆ 5 ನಿಮಿಷ, ಗುಂಪುಗಳಲ್ಲಿ 30, ಕೊನೆಗೆ 10. ಪ್ರತಿ ಗುಂಪಿಗೆ ಗಡಿಯಾರ ನೋಡೋಕೆ ಒಬ್ಬರನ್ನ ಮೊದಲೇ ಗೊತ್ತು ಮಾಡಿ. ಮೆಚ್ಚುಗೆ ಸುತ್ತನ್ನ ಮುಜುಗರಕ್ಕೆ ಬೇಗ ಬೇಗ ಮುಗಿಸಿಬಿಡ್ತಾರೆ, ಅಲ್ಲಿ ನೀವು ಪಕ್ಕದಲ್ಲಿ ನಿಂತು "ಇನ್ನೂ ಏನಿದೆ?" ಅಂತ ಕೇಳಿ.

ಮುಗಿಸೋಕೆ ಇನ್ನೊಂದು. ಡಿ ಶೇಝರ್ ಅವರ ತಂಡ ಮೊದಲನೇ ಭೇಟಿಗೆ ಬಂದವರಿಗೆಲ್ಲ ಒಂದೇ ಕೆಲಸ ಕೊಡ್ತಿತ್ತು, 1984ರಲ್ಲಿ ಅದರ ಬಗ್ಗೆ ಬರೆದ್ರು: ಮುಂದಿನ ಸಲ ಬರೋದ್ರೊಳಗೆ, ನಿಮ್ಮ ಬದುಕಲ್ಲಿ ನಡೀತಿರೋದ್ರಲ್ಲಿ ಯಾವುದು ಹೀಗೇ ಮುಂದುವರೀಬೇಕು ಅನ್ಸುತ್ತೋ ಅದನ್ನ ಗಮನಿಸಿಕೊಂಡು ಬನ್ನಿ. ಇದನ್ನೇ ನಿಮ್ಮ ಕಾರ್ಯಾಗಾರಕ್ಕೆ ಬಂದವರಿಗೆ ಕೊಡಿ, ಅವರ ಕ್ಲಿನಿಕ್ ಬಗ್ಗೆ. ಒಂದು ವಾಟ್ಸಾಪ್ ಗುಂಪು ಮಾಡಿ, ಹದಿನೈದು ದಿನ ಆದ ಮೇಲೆ ಏನು ಗಮನಿಸಿದ್ರಿ ಅಂತ ಕೇಳಿ. ಸಮ್ಮೇಳನ ಮುಗಿದ ಮೇಲೂ ಕೆಲಸ ನಡೀತಾ ಇರುತ್ತೆ.

---

ವರದಾತೀರ:

ಮೂವರಿಗೂ ಮನಃಪೂರ್ವಕ ಧನ್ಯವಾದ. ಮೇಡಂ, "ಹನ್ನೆರಡಾಣೆಗೆ ಏನಾಯಿತು" ಅನ್ನೋದನ್ನು ಈ ಮಂಗಳವಾರ ನಮ್ಮ ಸಿಬ್ಬಂದಿಯ ಮೇಲೇ ಪರೀಕ್ಷಿಸಿದೆ. ನೀವು ಹೇಳಿದ್ದು ನಿಜ. ಎಲ್ಲರೂ ಬರೆದದ್ದು ಅದನ್ನೇ, ಬೇರೆ ಬೇರೆ ಮಾತಿನಲ್ಲಿ. ನಮ್ಮ ಸ್ಟಾಫ್ ನರ್ಸ್ ಒಬ್ಬರು ಮಾತ್ರ "ನಾಕಾಣೆ ಯಾರು ಕೊಟ್ರು?" ಅಂತ ಬರೆದಿದ್ದರು. ಅದೂ ಎಷ್ಟು ಚಂದದ ಪ್ರಶ್ನೆ! ಅವರನ್ನು ಕೇಳಿ ಅದನ್ನೂ ಸ್ಲೈಡಿನಲ್ಲಿ ಹಾಕುತ್ತಿದ್ದೇನೆ.

ಡಾಕ್ಟರೇ, ನೀವು ಹೇಳಿದಂತೆ ಅವರಿಗೆ ಮತ್ತೊಮ್ಮೆ ಪೂರ್ತಿ ಓದಿ ಹೇಳಿದೆ. ದೊಡ್ಡ ಸಭೆ, ಆಸ್ಪತ್ರೆಯವರೇ ಇರುತ್ತಾರೆ, ಬೇಡ ಅಂದರೆ ಖಂಡಿತ ಬೇಡ ಅಂದೆ. ಅವರು ಕೇಳಿದ್ದು, "ಓದಿದ್ರ ಯಾರಿಗರ ಉಪಯೋಗ ಆಕ್ಕೈತೇನ್ರಿ?" ಆಗುತ್ತದೆ ಅಂದೆ. ಒಂದು ಕಡೆ ಮಾತ್ರ ತಿದ್ದಿಸಿದರು. ಊಟ ಸೇರುವುದಿಲ್ಲ ಅಂತ ಓದಿದಾಗ, "ಈಗ ಸೇರ್ತೈತಿ, ಅದನ್ನೂ ಬರಕೋರಿ" ಅಂದರು. ಕೆಳಗೆ ಟಿಪ್ಪಣಿಯಾಗಿ ಸೇರಿಸಿದ್ದೇನೆ. ಸಾಯುವ ಯೋಚನೆಯ ಬಗ್ಗೆ ಮೊದಲ ದಿನ ಡಾಕ್ಟರೂ ಕೇಳಿದ್ದರು, ನಾನೂ ಕೇಳಿದ್ದೆ. ಬಾರದ ದಿನ ಅವರ ಮನೆಗೆ ಹೋಗಿ ಬರುವುದು ಆಶಾ ಕಾರ್ಯಕರ್ತೆ. ಅದನ್ನು ಮೊದಲ ನಿಮಿಷದಲ್ಲೇ ಹೇಳುತ್ತೇನೆ. ರಾತ್ರಿ ಹೊತ್ತಿಗೆ ಕರೆ ಮಾಡಲು ಟೆಲಿ ಮಾನಸ್ ಸಹಾಯವಾಣಿಯ 14416 ಕೊಟ್ಟಿರುತ್ತೇವೆ, ಅದೂ ಇರಲಿ ಅಂತ.

ಬ್ರಿಸ್ಟಲ್‌ನವರು ಹೇಳಿದ ದುಂಡನೆ ಕೂರುವ ಕ್ರಮಕ್ಕೆ ಒಂದು ತೊಡಕು: ನಮಗೆ ಕೊಟ್ಟಿರುವುದು ಮೆಟ್ಟಿಲು ಮೆಟ್ಟಿಲಾಗಿ ಸೀಟು ಕೂರಿಸಿದ ಸಭಾಂಗಣ. ಕುರ್ಚಿ ಕದಲುವುದಿಲ್ಲ. ಏನು ಮಾಡಬಹುದು? ಮತ್ತೆ, ಅಜ್ಜಿಯ ಮಾತು ಓದಲು ನಮ್ಮ ಕಡೆಯವರು ಒಬ್ಬರು ಬೇಕು. ನಮ್ಮ ತಂಡದಿಂದ ನಾನೊಬ್ಬಳೇ ಹೋಗುತ್ತಿರುವುದು.

---

ಬ್ರಿಸ್ಟಲ್‌ವಾಸಿ:

ಮುಂದಿನ ಸಾಲಿನ ಮೂವರು ಹಿಂದಕ್ಕೆ ತಿರುಗಿ ಕೂತ್ಕೊಳ್ಳಲಿ, ಹಿಂದಿನ ಸಾಲಿನ ಮೂವರು ಇದ್ದಲ್ಲೇ ಇರಲಿ. ಆರು ಜನ ಆಯ್ತು. ಪ್ರತಿ ಎರಡು ಸಾಲು ಆದ ಮೇಲೆ ಒಂದು ಸಾಲು ಖಾಲಿ ಇಡಿ, ಇಲ್ಲ ಅಂದ್ರೆ ಪಕ್ಕದ ಗುಂಪಿನ ಮಾತು ಕಿವಿಗೆ ಬೀಳ್ತಾ ಇರುತ್ತೆ. ಕೇಸ್ ಹೇಳೋರು ಹೆಸರು, ಊರು ಹೇಳಬಾರದು ಅನ್ನೋದನ್ನ ಶುರುವಿನಲ್ಲೇ ಹೇಳಿ.

---

ಕುಕ್ಕರಹಳ್ಳಿ:

ರಾಣೆಬೆನ್ನೂರಿನ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಅದೇ ಸಮ್ಮೇಳನಕ್ಕೆ ಬರ್ತಾಳೆ. ಕೇಳಿದೆ, ಓದ್ತೀನಿ ಅಂದಳು. ನಿಮಗೆ ಖಾಸಗಿ ಸಂದೇಶದಲ್ಲಿ ಅವಳ ನಂಬರ್ ಕಳಿಸಿದ್ದೇನೆ. ಭಾನುವಾರ ಸಂಜೆ ಫೋನಿನಲ್ಲೇ ಒಂದು ಸಲ ಇಬ್ಬರೂ ಓದಿ ನೋಡಿ, ನಾನೂ ಲೈನಿನಲ್ಲಿ ಇರ್ತೀನಿ. ಮೌನದ ಹತ್ತು ಸೆಕೆಂಡನ್ನೂ ಸೇರಿಸಿಯೇ ಸಮಯ ಅಳೀರಿ.